ಎಲ್ಲಿ ನಗಬೇಕೆಂದು ಹೇಳಿಕೊಡದ ಪೊಲೀಸರು

ಪೊಲೀಸ್ ಧಾರಾವಾಹಿ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಬರುವುದು ‘ಸಿಐಡಿ’ಯ ದಯಾ ಅಂತ ನನಗೆ ಗೊತ್ತು. ಬರಲಿ ಬಿಡಿ. ಬಾಗಿಲು ಮುರಿಯುವ ವಿದ್ಯೆಯಲ್ಲಿ ಆ ಪುಣ್ಯಾತ್ಮನನ್ನು ಮೀರಿಸಿದವರಿಲ್ಲ. ಮೇಲಾಗಿ ಆ ಪಾತ್ರ ಮಾಡುವ ದಯಾನಂದ ಶೆಟ್ಟರು ಉಡುಪಿ ಸೀಮೆಯವರು. ಹಾಗಾಗಿ ಮುಂಬಯಿ ಪಕ್ಕದ ನಮ್ಮ ಠಾಣೆ ಊರಿನ ಉಡುಪಿ ಹೋಟೆಲಿನಲ್ಲಿ ಸಿಐಡಿ ಸುದ್ದಿ ಎತ್ತಿ ನೋಡಿ, ಗಲ್ಲೆಯ ಮೇಲಿರುವವರು “ನಮ್ಮವನೇ ಮಾರಾಯ್ರೆ” ಅಂತ ಒಂದು ಮಾತು ಸೇರಿಸದೆ ಚಿಲ್ಲರೆ ಕೊಡುವುದಿಲ್ಲ. 1998ರಲ್ಲಿ ಹೊರಟ ಸಿಐಡಿ 2018ರವರೆಗೆ ಓಡಿತು, ನಿಂತಿತು, 2024ರ ಕೊನೆಗೆ ಮತ್ತೆ ಎದ್ದು ಬಂತು. ಅಷ್ಟು ವರ್ಷಗಳಲ್ಲಿ ಮುರಿದ ಬಾಗಿಲುಗಳಿಗೆ ಬದಲಿ ಹಾಕಿಕೊಟ್ಟ ಬಡಗಿಯ ಲೆಕ್ಕ ಯಾರಾದರೂ ಇಟ್ಟಿದ್ದಾರೋ ಇಲ್ಲವೋ. ಅವನಿಗೂ ಒಂದು ಪ್ರಶಸ್ತಿ ಕೊಡಬೇಕಿತ್ತು, ಅಲ್ವಾ?

ಆದರೆ ಇವತ್ತು ನನ್ನ ತಲೆಯಲ್ಲಿ ಕೂತಿರುವುದು ಹೀಗೆ ಬಾಳಿ ಬದುಕಿದ ಧಾರಾವಾಹಿ ಅಲ್ಲ ಅಕ್ಕ, ಬಾಳದೆ ಹೋದದ್ದು. ‘ದಿ ಅನ್‌ಯೂಶುವಲ್ಸ್’ ಅಂತ. 2009ರ ಏಪ್ರಿಲಿನಲ್ಲಿ ಅಮೆರಿಕದ ಎಬಿಸಿ ಚಾನೆಲಿನಲ್ಲಿ ಶುರುವಾಯಿತು, ಜೂನ್ ಮಧ್ಯಕ್ಕೆ ಮುಗಿದೇ ಹೋಯಿತು. ಹತ್ತೇ ಹತ್ತು ಕಂತು. ಪತ್ರಿಕೆಯಲ್ಲಿ ಬರೆಯುವವರು ಹೊಗಳಿದರು, ಟಿವಿ ಮುಂದೆ ಕೂರುವವರು ಕೂರಲಿಲ್ಲ. ನನಗೆ ಅದು ಪೆನ್‌ಡ್ರೈವಿನಲ್ಲಿ ಸಿಕ್ಕಿದ್ದು. ಹೇಗೆ ಸಿಕ್ಕಿತು, ಯಾರು ಕೊಟ್ಟರು ಅಂತೆಲ್ಲ ಜೋರಾಗಿ ಕೇಳಬೇಡಿ. ಪೊಲೀಸರ ವಸಾಹತು ಇಲ್ಲೇ ಕೂಗಳತೆಯಲ್ಲಿದೆ.

ಕತೆ ಏನು ಮಹಾ ಅಂತೀರಿ. ನ್ಯೂಯಾರ್ಕಿನ ಒಂದು ಪೊಲೀಸ್ ಠಾಣೆ, ಅಲ್ಲೊಂದಷ್ಟು ಪತ್ತೇದಾರರು, ವಾರಕ್ಕೊಂದೆರಡು ಕೇಸು. ಸ್ವಾರಸ್ಯ ಇರುವುದೆಲ್ಲ ಆ ಪೊಲೀಸರ ತಲೆಯೊಳಗೆ. ಒಬ್ಬನಿದ್ದಾನೆ, ಬ್ಯಾಂಕ್ಸ್ ಅಂತ. ಅವನ ಮನೆತನದ ಗಂಡಸರೆಲ್ಲ 42ನೇ ವಯಸ್ಸಿಗೇ ಹೋದವರು. ಈಗ ಇವನಿಗೂ 42 ತುಂಬಿದೆ. ಹಾಗಾಗಿ ಗುಂಡು ನಿರೋಧಕ ಕವಚ ಮೈಮೇಲಿಂದ ಇಳಿಸುವುದೇ ಇಲ್ಲ, ಮನೆಯಲ್ಲೂ ಅದೇ. ನಮ್ಮ ಕಡೆ ಆಗಿದ್ದರೆ ಜ್ಯೋತಿಷಿಗಳ ಹತ್ತಿರ ಹೋಗಿ ಒಂದು ಮೃತ್ಯುಂಜಯ ಹೋಮ ಮಾಡಿಸಿ, ಕೈಗೊಂದು ದಾರ ಕಟ್ಟಿಕೊಂಡು ಆರಾಮಾಗಿ ಇರುತ್ತಿದ್ದ. ಪಾಪ, ಅಲ್ಲಿ ಅಂಥ ಸೌಕರ್ಯ ಇಲ್ಲವಲ್ಲ. ಅವನ ಜೊತೆಗಾರ ಡೆಲಹಾಯ್ ಇದಕ್ಕೆ ಪೂರಾ ಉಲ್ಟಾ. ಅವನ ಮೆದುಳಿನಲ್ಲಿ ಗಡ್ಡೆ. ಜೊತೆಯವರಿಗೆ ಹೇಳುವುದಿಲ್ಲ, ಆಸ್ಪತ್ರೆಯ ಡಾಕ್ಟರ ಹತ್ತಿರವೂ ಸರಿಯಾಗಿ ಹೋಗುವುದಿಲ್ಲ. ಕೊನೆಗೆ ತನ್ನ ಕಾಯಿಲೆ ತೋರಿಸಿಕೊಳ್ಳಲು ಹೋಗುವುದು ಯಾರ ಹತ್ತಿರ ಗೊತ್ತೇ? ಶವಾಗಾರದಲ್ಲಿ ಹೆಣ ಕೊಯ್ಯುವ ಡಾಕ್ಟರಮ್ಮನ ಹತ್ತಿರ! ಸಾಯುವ ಭಯ ಇರುವವನು ಗಟ್ಟಿಮುಟ್ಟಾಗಿದ್ದಾನೆ, ಸಾಯುವ ಕಾಯಿಲೆ ಇರುವವನಿಗೆ ಭಯವೇ ಇಲ್ಲ. ಇಬ್ಬರನ್ನೂ ಒಂದೇ ಕಾರಿನಲ್ಲಿ ಕೂರಿಸಿ ಊರು ಸುತ್ತಿಸುತ್ತಾರೆ. ಇದಕ್ಕೆ ನಗುತ್ತೀರಾ, ಅಯ್ಯೋ ಅನ್ನುತ್ತೀರಾ?

ಇನ್ನೊಬ್ಬ ಆಲ್ವಾರೆಝ್. ಅವನಿಗೆ ‘ನಾನು’ ಅನ್ನುವ ಮಾತೇ ಬರುವುದಿಲ್ಲ. ಆಲ್ವಾರೆಝ್ ಬಂದ, ಆಲ್ವಾರೆಝ್ ಕಂಡುಹಿಡಿದ ಅಂತ ತನ್ನ ಸುದ್ದಿಯನ್ನು ತಾನೇ ಬೇರೆಯವರ ಸುದ್ದಿಯ ಹಾಗೆ ಹೇಳಿಕೊಂಡು ಓಡಾಡುತ್ತಾನೆ. ನಮ್ಮ ಸೊಸೈಟಿಯ ವಾರ್ಷಿಕ ಸಭೆಯಲ್ಲೂ ಹೀಗೆ ಮಾತಾಡುವವರು ಇದ್ದಾರಲ್ಲ, ಹೆಸರು ಹೇಳುವುದು ಬೇಡ, ನಿಮಗೆ ಗೊತ್ತಾಯಿತು. ಮತ್ತೆ ವಾಲ್ಶ್. ಬೇಸ್‌ಬಾಲ್ ಆಡಿ ಹೆಸರು ಮಾಡಬೇಕಾಗಿದ್ದವನು ಪೊಲೀಸನಾಗಿದ್ದಾನೆ, ಜೊತೆಗೆ ಒಂದು ಚಿಕ್ಕ ಹೋಟೆಲನ್ನೂ ಇಟ್ಟುಕೊಂಡಿದ್ದಾನೆ. ಗಿರಾಕಿಗಳಂತೂ ಅಷ್ಟಕ್ಕಷ್ಟೇ. ನಮ್ಮ ಶೆಟ್ರುಗಳು ಯಾರಾದರೂ ಅವನಿಗೆ ನಾಲ್ಕು ದಿನ ತರಬೇತಿ ಕೊಟ್ಟಿದ್ದರೆ ಪೊಲೀಸ್ ಕೆಲಸ ಬಿಟ್ಟು ಉದ್ಧಾರ ಆಗಿಬಿಡುತ್ತಿದ್ದ. ಇವರ ನಡುವೆ ಕೇಸಿ ಶ್ರೇಗರ್ ಅನ್ನುವ ಹುಡುಗಿ. ಆಗರ್ಭ ಶ್ರೀಮಂತರ ಮಗಳು, ಆದರೆ ಅದು ಠಾಣೆಯಲ್ಲಿ ಯಾರಿಗೂ ಗೊತ್ತಾಗಬಾರದು. ನಮ್ಮಲ್ಲಿ ಇಲ್ಲದ ಶ್ರೀಮಂತಿಕೆ ತೋರಿಸಿಕೊಳ್ಳುವುದಕ್ಕೆ ಜನ ಸಾಲ ಮಾಡುತ್ತಾರೆ, ಇವಳು ಇರುವುದನ್ನು ಮುಚ್ಚಿಡಲು ಒದ್ದಾಡುತ್ತಾಳೆ. ಒಟ್ಟಿನಲ್ಲಿ ಅಲ್ಲಿರುವ ಕಳ್ಳರಿಗಿಂತ ಹೆಚ್ಚು ಗುಟ್ಟು ಪೊಲೀಸರ ಹೊಟ್ಟೆಯಲ್ಲೇ ಇದೆ.

ಮೊದಲ ಕಂತಿನಲ್ಲಿ ಒಂದು ಕಡೆ ಪೊಲೀಸನೊಬ್ಬನ ಕೊಲೆ. ಅದೇ ಹೊತ್ತಿಗೆ ಬ್ಯಾಂಕ್ಸ್ ಮತ್ತು ಡೆಲಹಾಯ್‌ಗೆ ವಹಿಸಿದ ಕೇಸು ಏನಪ್ಪಾ ಅಂದರೆ, ಯಾರೋ ಬೆಕ್ಕುಗಳನ್ನು ಕೊಲ್ಲುತ್ತಿದ್ದಾರೆ, ಅವರನ್ನು ಹುಡುಕಬೇಕು! ಇದನ್ನು ನೋಡುವಾಗ ನನಗೆ ನಮ್ಮ ಹಿಂದಿನ ಬಿಲ್ಡಿಂಗಿನ ಮಾವಶಿ ನೆನಪಾದರು. ನಿಮಗೆ ನೆನಪಿರಬೇಕು, ಅವರ ಬಿಳಿ ಬೆಕ್ಕು ಕಾಣೆಯಾಗಿತ್ತಲ್ಲ. ಮಾವಶಿ ಸುಮ್ಮನೆ ಅತ್ತು ಕೂರುವ ಪೈಕಿ ಅಲ್ಲ, ನೇರ ಪೊಲೀಸರ ಹತ್ತಿರ ಹೋದರು. ಜೊತೆಗೆ ನಾನೂ ಇರಲಿ ಅಂತ ಎಳೆದುಕೊಂಡು ಹೋದರು. ಅಲ್ಲಿದ್ದ ಹವಾಲ್ದಾರರು ಒಂದಿಷ್ಟೂ ನಗಲಿಲ್ಲ ನೋಡಿ. ಬಣ್ಣ ಯಾವುದು, ಬಾಲಕ್ಕೆ ಏನಾದರೂ ಗುರುತು ಉಂಟಾ, ಯಾರ ಮೇಲಾದರೂ ಸಂಶಯ ಉಂಟಾ ಅಂತ ಮರಾಠಿಯಲ್ಲಿ ಒಂದೊಂದಾಗಿ ಕೇಳಿ ಹಾಳೆಯಲ್ಲಿ ಬರೆದುಕೊಂಡರು. ಸಂಶಯದ ಪ್ರಶ್ನೆ ಬಂದಾಗ ಮಾವಶಿ ಎದುರು ಮನೆಯ ಮೀನು ಒಣಗಿಸುವವರ ಹೆಸರು ಹೇಳುವವರಿದ್ದರು, ನಾನು ಮೆಲ್ಲಗೆ ಸೆರಗು ಎಳೆದೆ. ಅಷ್ಟರಲ್ಲಿ ಹವಾಲ್ದಾರರ ಫೋನು ಬಂತು. ಊರಲ್ಲಿ ಅವರ ತಾಯಿಗೆ ತುಂಬಾ ಹುಷಾರಿಲ್ಲವಂತೆ. ಗಣಪತಿ ಹಬ್ಬದ ಬಂದೋಬಸ್ತು, ರಜೆ ಇಲ್ಲ. ಫೋನು ಇಟ್ಟು, ಒಂದು ಗುಟುಕು ನೀರು ಕುಡಿದು, ಮತ್ತೆ ಪೆನ್ನು ಹಿಡಿದು ಕೇಳಿದರು: “ಹಾಂ ಮಾವಶಿ, ಬೆಕ್ಕಿನ ವಯಸ್ಸು?”

ಬೆಕ್ಕು ಆಮೇಲೆ ಸೊಸೈಟಿ ಆಫೀಸಿನ ಹಳೇ ಕಡತಗಳ ಕಪಾಟಿನ ಹಿಂದೆ ನಾಲ್ಕು ಮರಿಗಳ ಸಮೇತ ಸಿಕ್ಕಿತು, ಅದು ಬೇರೆ ಮಾತು. ನಾನು ಹೇಳಹೊರಟದ್ದು ಆ ಹವಾಲ್ದಾರರ ವಿಚಾರ. ಅವತ್ತು ಅಲ್ಲಿ ನಡೆದದ್ದು ತಮಾಷೆಯೋ ದುಃಖವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಒಂದೇ ಬೆಂಚಿನ ಮೇಲೆ ಕೂತಿದ್ದವು. ಪೊಲೀಸರ ಬದುಕೇ ಹಾಗೆ ಅಂತ ಕಾಣುತ್ತದೆ, ಅಲ್ವಾ?

ಅಮೆರಿಕದಲ್ಲಿ ‘ಬಾರ್ನಿ ಮಿಲ್ಲರ್’ ಅಂತ ಒಂದು ಹಳೇ ಧಾರಾವಾಹಿ ಇತ್ತು, 1975ರಿಂದ 1982ರವರೆಗೆ. ಅದರಲ್ಲಿ ಓಡಾಟ, ಹೊಡೆದಾಟ ಅಪರೂಪ. ಪೊಲೀಸರು ಆಫೀಸಿನಲ್ಲಿ ಕೂತು ಕೆಟ್ಟ ಕಾಫಿ ಕುಡಿಯುತ್ತಾ, ಅರ್ಜಿ ತುಂಬುತ್ತಾ, ಬಂದ ವಿಚಿತ್ರ ಜನರ ದೂರು ಕೇಳುತ್ತಾ ಇರುವುದೇ ಕತೆ. ತಮ್ಮ ಕೆಲಸಕ್ಕೆ ಅತ್ಯಂತ ಹತ್ತಿರವಾದದ್ದು ಆ ಗುಂಡು ಹಾರಿಸುವ ಧಾರಾವಾಹಿಗಳಲ್ಲ, ಇದು ಅಂತ ಅಲ್ಲಿನ ಪೊಲೀಸರೇ ಹೇಳಿದ್ದುಂಟು. ಸರಿ, ಅದು ಹೇಗೆ ಅಷ್ಟು ವರ್ಷ ನಡೆಯಿತು, ಅನ್‌ಯೂಶುವಲ್ಸ್ ಹೇಗೆ ಹತ್ತು ವಾರದಲ್ಲಿ ಮುದುರಿತು ಅಂತ ನೀವು ಕೇಳುತ್ತೀರಿ. ಕೇಳಬೇಕಾದ್ದೇ.

ನನ್ನ ಅಂದಾಜು ಇಷ್ಟು. ಬಾರ್ನಿ ಮಿಲ್ಲರಿನಲ್ಲಿ ಹಿಂದಿನಿಂದ ಜನ ನಕ್ಕ ಸದ್ದು ಕೇಳುತ್ತದೆ. ಎಲ್ಲಿ ನಗಬೇಕು ಅಂತ ಆ ಸದ್ದೇ ಹೇಳಿಕೊಡುತ್ತದೆ. ನಮ್ಮ ಸಬ್ ಟಿವಿಯ ‘ಎಫ್‌ಐಆರ್’ ತೆಗೆದುಕೊಳ್ಳಿ. 2006ರಿಂದ 2015ರವರೆಗೆ ಚಂದ್ರಮುಖಿ ಚೌಟಾಲ ಹರಿಯಾಣವಿಯಲ್ಲಿ ಗದರಿಸಿದ್ದೇ ಗದರಿಸಿದ್ದು. ಅವಳೊಂದು ಮಾತು ಹೇಳಿದರೆ ಹಿಂದಿನಿಂದ ‘ಟೊಂಯ್’, ಪೇದೆ ಬಿದ್ದರೆ ‘ಧಡಾರ್’. ಒಳಗೆ ಒಗ್ಗರಣೆ ಹಾಕುತ್ತಿದ್ದರೂ ಟೊಂಯ್ ಕೇಳಿದ ಕೂಡಲೇ ನಾವು ನಕ್ಕುಬಿಡುತ್ತೇವೆ, ಯಾಕೆ ಅಂತ ಗೊತ್ತಿರಬೇಕಾಗಿಲ್ಲ. ಸಿಐಡಿಯಲ್ಲಿ ಅದೇ ಕೆಲಸವನ್ನು ಢಂ ಢಂ ಸಂಗೀತ ಮಾಡುತ್ತದೆ. ಪ್ರದ್ಯುಮನ್ ಸಾಹೇಬರ ಬೆರಳು ತಿರುಗಿದರೆ ಸಂಶಯ ಬಂದಿದೆ ಅಂತ ಅರ್ಥ. ಬಟಾಣಿ ಸುಲಿಯುತ್ತಲೋ ಫೋನಿನಲ್ಲಿ ನಾದಿನಿಯ ಹತ್ತಿರ ಮಾತಾಡುತ್ತಲೋ ಪೂರ್ತಿ ಕಂತು ಮುಗಿಸಬಹುದು. ಸುಳ್ಳೇನು? ನಮ್ಮ ಮನೆಗಳಲ್ಲಿ ಟಿವಿ ಅಂದರೆ ಚಿತ್ರ ಇರುವ ರೇಡಿಯೋ.

ಈ ಅನ್‌ಯೂಶುವಲ್ಸ್‌ನಲ್ಲಿ ಟೊಂಯ್ ಇಲ್ಲ, ಢಂ ಇಲ್ಲ, ನಗುವ ಜನರ ಸದ್ದೂ ಇಲ್ಲ. ಗಡ್ಡೆಯ ವಿಷಯ ಬಂದಾಗ ನಗು ಬರುತ್ತದೆ, ಬೆಕ್ಕಿನ ವಿಷಯ ಬಂದಾಗ ಗಂಟಲು ಕಟ್ಟುತ್ತದೆ. ನಮಗೇ ಒಂಥರಾ ಮುಜುಗರ. ಕೂತು, ಕಣ್ಣು ಬಿಟ್ಟು, ನೋಡಬೇಕು. ಅದನ್ನು ಅವರು ಹಾಕಿದ್ದಾದರೂ ಯಾವಾಗ? ಬುಧವಾರ ರಾತ್ರಿ ಹತ್ತು ಗಂಟೆಗೆ, ‘ಲಾಸ್ಟ್’ ಮುಗಿದ ಮೇಲೆ. ಲಾಸ್ಟ್ ನೋಡಿದವರ ತಲೆ ಅಷ್ಟೊತ್ತಿಗೆ ಗಿರ್ರೆನ್ನುತ್ತಿರುತ್ತದೆ, ಮತ್ತೆ ಇನ್ನೊಂದು ಒಗಟು ಬಿಡಿಸಿ ಅಂದರೆ ಯಾರು ಕೂರುತ್ತಾರೆ ಹೇಳಿ.

ಗಮನ ಕೊಟ್ಟು ನೋಡಬೇಕಾದ ಧಾರಾವಾಹಿ ಬಾಳುವುದಿಲ್ಲ ಅನ್ನುವುದು ನನ್ನ ಸ್ವಂತ ಸಿದ್ಧಾಂತ ಅಂತ ಬೀಗಬೇಡಿ ಅನ್ನುತ್ತೀರೇನೋ. ಇಲ್ಲ ಇಲ್ಲ, ಇದನ್ನು ಎಬಿಸಿಯ ದೊಡ್ಡ ಸಾಹೇಬರೇ ಹೇಳಿಬಿಟ್ಟಿದ್ದಾರೆ, ಅದೂ 1982ರಲ್ಲಿ. ಅದೇ ಚಾನೆಲಿನಲ್ಲಿ ಆ ವರ್ಷ ‘ಪೊಲೀಸ್ ಸ್ಕ್ವಾಡ್!’ ಬಂದಿತ್ತು. ‘ಏರ್‌ಪ್ಲೇನ್!’ ಸಿನಿಮಾ ಮಾಡಿದ ಝುಕರ್ ಸಹೋದರರು ಮತ್ತು ಅಬ್ರಹಾಮ್ಸ್ ಕೂಡಿ ಮಾಡಿದ್ದು. ಲೆಸ್ಲಿ ನೀಲ್ಸನ್ ಪತ್ತೇದಾರ ಫ್ರಾಂಕ್ ಡ್ರೆಬಿನ್. ಮುಖದಲ್ಲಿ ಗೆರೆ ಅಲುಗಿಸದೆ ಲೋಕದ ಎಲ್ಲ ಅಪದ್ಧ ಕೆಲಸ ಮಾಡುವ ಮಹಾಶಯ. ಅದು ಆರೇ ಕಂತು. ನಾಲ್ಕು ತೋರಿಸಿ ಎತ್ತಂಗಡಿ ಮಾಡಿದರು, ಉಳಿದೆರಡನ್ನು ಬೇಸಿಗೆಯಲ್ಲಿ ಹೇಗೋ ಹಾಕಿ ಕೈತೊಳೆದುಕೊಂಡರು. ಯಾಕಪ್ಪಾ ನಿಲ್ಲಿಸಿದಿರಿ ಅಂದರೆ, ಅದನ್ನು ಮೆಚ್ಚಬೇಕಾದರೆ ನೋಡುವವರು ಗಮನ ಕೊಟ್ಟು ನೋಡಬೇಕಾಗುತ್ತದೆ ಅನ್ನುವ ಅರ್ಥದ ಉತ್ತರ ಕೊಟ್ಟರಂತೆ ಅಲ್ಲಿನ ಮುಖ್ಯಸ್ಥ ಟೋನಿ ಥೊಮೊಪೌಲೋಸ್. ಟಿವಿ ನಡೆಸುವವರೇ ನೋಡುವುದು ಒಂದು ದೋಷ ಅಂದ ಮೇಲೆ ಇನ್ನೇನು ಉಳಿಯಿತು?

ಅದರಲ್ಲಿ ಚೇಷ್ಟೆಗಳು ಎಂಥೆಂಥವು ಅಂತೀರಿ. ಶುರುವಿನಲ್ಲಿ ಪರದೆ ಮೇಲೆ ಕಂತಿನ ಹೆಸರು ಒಂದು ಬರುತ್ತದೆ, ದನಿಯಲ್ಲಿ ಓದುವುದು ಬೇರೊಂದು. ವಿಶೇಷ ಅತಿಥಿ ನಟ ಅಂತ ದೊಡ್ಡ ಹೆಸರು ತೋರಿಸುತ್ತಾರೆ, ಲಾರ್ನ್ ಗ್ರೀನ್, ವಿಲಿಯಂ ಶಾಟ್ನರ್, ಅಂಥವರೇ. ಅವರು ಬಂದ ಅರೆಕ್ಷಣಕ್ಕೆ, ಹೆಸರುಗಳು ಓಡುತ್ತಿರುವಾಗಲೇ, ಕೊಲೆಯಾಗಿ ಹೋಗುತ್ತಾರೆ. ಮುಂದೆ ಕತೆಯಲ್ಲಿ ಅವರ ಸುಳಿವೇ ಇಲ್ಲ! ನಮ್ಮ ಯಾವುದಾದರೂ ಕನ್ನಡ ಧಾರಾವಾಹಿಯಲ್ಲಿ ದೊಡ್ಡ ನಟರನ್ನು ಕರೆಸಿ ಹೀಗೆ ಮಾಡಿದ್ದರೆ ಅಭಿಮಾನಿ ಸಂಘದವರು ಚಾನೆಲಿನ ಮೆಟ್ಟಿಲ ಮೇಲೆಯೇ ಧರಣಿ ಕೂರುತ್ತಿದ್ದರು. ಆಲ್ ಅಂತ ಒಬ್ಬ ಪೊಲೀಸ್ ಇದ್ದಾನೆ. ಎಷ್ಟು ಎತ್ತರ ಅಂದರೆ ಅವನ ತಲೆ ಪರದೆಯೊಳಗೆ ಬರುವುದೇ ಇಲ್ಲ, ಕುತ್ತಿಗೆವರೆಗೆ ಮಾತ್ರ ದರ್ಶನ. ಬೂಟ್ ಪಾಲಿಶ್ ಮಾಡುವ ಜಾನಿಗೆ ಒಂದು ನೋಟು ಕೊಟ್ಟರೆ ಪಾತಕಿಗಳ ಸುದ್ದಿಯಿಂದ ಹಿಡಿದು ಹೃದಯದ ಆಪರೇಷನ್ನಿನವರೆಗೆ ಎಲ್ಲ ಹೇಳುತ್ತಾನೆ. ನಮ್ಮ ಠಾಣೆ ರೈಲು ಸ್ಟೇಷನ್ನಿನ ಪ್ಲಾಟ್‌ಫಾರಂ ಪಾಲಿಶಿನವರಿಗೂ ಅಷ್ಟೆಲ್ಲ ಗೊತ್ತಿರುತ್ತದೆ, ನಾವು ಕೇಳುವುದಿಲ್ಲ, ಅಷ್ಟೇ. ಅವತ್ತಿನ ಧಾರಾವಾಹಿಗಳಲ್ಲಿ ಕಂತು ಮುಗಿಯುವಾಗ ಎಲ್ಲರೂ ನಗುತ್ತಿರುವ ಚಿತ್ರ ಹಾಗೇ ನಿಂತುಬಿಡುತ್ತಿತ್ತಲ್ಲ, ಇದರಲ್ಲಿ ಚಿತ್ರವನ್ನು ನಿಲ್ಲಿಸುವುದಿಲ್ಲ, ನಟರೇ ಮಿಸುಕದೆ ನಿಲ್ಲುತ್ತಾರೆ. ಕಪ್ಪಿಗೆ ಹೊಯ್ಯುವ ಕಾಫಿ ಮಾತ್ರ ತುಂಬಿ ಸುರಿಯುತ್ತಾ ಇರುತ್ತದೆ. ಒಗ್ಗರಣೆ ಹಾಕುತ್ತಾ ಕಿವಿ ಮಾತ್ರ ಕೊಟ್ಟವರಿಗೆ ಇದರಲ್ಲಿ ಒಂದಾದರೂ ಸಿಕ್ಕೀತೇ?

ಈಗ ನಮ್ಮ ಮುಂಬಯಿಗೇ ಬನ್ನಿ. 1985ರ ‘ಕರಮ್‌ಚಂದ್’ ನೆನಪಿಲ್ಲದವರು ಯಾರು. ಪಂಕಜ್ ಕಪೂರ್ ಕಪ್ಪು ಕನ್ನಡಕ ಹಾಕಿಕೊಂಡು ಕಚಕಚ ಕ್ಯಾರೆಟ್ ಕಡಿಯುತ್ತಾ ಕೊಲೆಗಾರರನ್ನು ಹಿಡಿಯುತ್ತಿದ್ದರು, ಸಹಾಯಕಿ ಕಿಟ್ಟಿಯ ಬಾಯಿ ಮುಚ್ಚಿಸುತ್ತಿದ್ದರು. ಆಗ ದೂರದರ್ಶನ ಒಂದೇ. ಕಟ್ಟಡದಲ್ಲಿ ಟಿವಿ ಇದ್ದ ಮನೆಯೂ ಒಂದೋ ಎರಡೋ. ಅವರ ಮನೆಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಕೂತವರು ಮಾತಾಡುವ ಹಾಗಿರಲಿಲ್ಲ, ಅದು ಮರ್ಯಾದೆ. ಹಾಗಾಗಿ ಕ್ಯಾರೆಟ್ಟಿನ ಪ್ರತಿ ಕಡಿತವೂ ನಮಗೆ ಕಂಡಿತು. ಅದೇ ಪಂಕಜ್ ಕಪೂರ್, ಅದೇ ಕ್ಯಾರೆಟ್ ಇಪ್ಪತ್ತು ವರ್ಷಗಳ ಮೇಲೆ ಸೋನಿಯಲ್ಲಿ ಮತ್ತೆ ಬಂದಾಗ ಯಾರಿಗೂ ಬೇಡವಾಯಿತು. ಕ್ಯಾರೆಟ್ ಕೆಟ್ಟಿರಲಿಲ್ಲ ಅಕ್ಕ, ನಮ್ಮ ಕೈಗೆ ರಿಮೋಟ್ ಬಂದಿತ್ತು.

2010ರ ‘ಪೌಡರ್’ ಕತೆ ಇನ್ನೂ ಬೇಜಾರಿನದು. ಅದರಲ್ಲಿ ತಮಾಷೆ ಕಡಿಮೆ, ಮಾದಕ ವಸ್ತುಗಳ ದಂಧೆ ಹಿಂದೆ ಬಿದ್ದ ಅಧಿಕಾರಿಗಳ ಕತೆ, ನಮ್ಮ ಮುಂಬಯಿಯದ್ದೇ. ಆದರೆ ಹಣೆಬರಹ ಮಾತ್ರ ಇದೇ ಪಂಗಡದ್ದು. ಯಶ್ ರಾಜ್‌ನವರು ಟಿವಿಗೆ ಇಳಿದಿದ್ದರು, ಅತುಲ್ ಸಭರ್ವಾಲ್ ನಿರ್ದೇಶನ, ಸೋನಿಯಲ್ಲಿ ಬಂತು. ಮನೀಶ್ ಚೌಧರಿ ಅಧಿಕಾರಿ ಉಸ್ಮಾನ್ ಮಲಿಕ್, ಅವನು ಬೆನ್ನಟ್ಟುವ ನವೇದ್ ಅನ್ಸಾರಿ ಪಾತ್ರದಲ್ಲಿ ಒಬ್ಬ ಸಣ್ಣ ದನಿಯ ನಟ. ಯಾರು ಅಂದಿರಿ? ಪಂಕಜ್ ತ್ರಿಪಾಠಿ! ‘ಗ್ಯಾಂಗ್ಸ್ ಆಫ್ ವಾಸೇಪುರ್’ ಬರಲು ಇನ್ನೂ ಎರಡು ವರ್ಷವಿತ್ತು. ಇವತ್ತು ಅವರು ಯಾವುದೋ ಜಾಹೀರಾತಿನಲ್ಲಿ ಕೆಮ್ಮಿದರೂ ಊರು ನೋಡುತ್ತದೆ. ಆಗ ಅಷ್ಟೆಲ್ಲ ಕಂತು ಅಭಿನಯಿಸಿದರೂ ಯಾರೂ ತಿರುಗಿ ನೋಡಲಿಲ್ಲ. ಇಂಟರ್ನೆಟ್ಟಿಗೆ ಬಂದ ಮೇಲೆ ಹುಡುಗರು ಹುಡುಕಿ ಹುಡುಕಿ ನೋಡಿ, ಅಯ್ಯೋ ಇಂಥದ್ದು ನಮ್ಮಲ್ಲೂ ಆಗಿತ್ತಾ ಅಂತ ಮೂಗಿನ ಮೇಲೆ ಬೆರಳಿಟ್ಟರು.

ಇಷ್ಟಕ್ಕೂ ನಾವು ನೋಡಲಿಲ್ಲ ಅಂತ ಅವರಿಗೆ ಹೇಳಿದ್ದು ಯಾರು? ಟಿಆರ್‌ಪಿ. ಊರೂರಿನ ಕೆಲವು ಮನೆಗಳಲ್ಲಿ ಒಂದು ಮೀಟರ್ ಪೆಟ್ಟಿಗೆ ಇಟ್ಟಿರುತ್ತಾರಂತೆ, ಅದು ಹೇಳಿದ್ದೇ ದೇಶದ ಅಭಿರುಚಿ. ಆ ಮೀಟರ್ ಇರುವ ಮನೆಯವರನ್ನು ನೀವು ಯಾವತ್ತಾದರೂ ನೋಡಿದ್ದೀರಾ? ವರ್ತಕ ನಗರದಲ್ಲಿ ಇಲ್ಲ, ದೇವದಯಾ ನಗರದಲ್ಲಿ ಇಲ್ಲ, ಡೊಂಬಿವಲಿಯ ನಮ್ಮ ನೆಂಟರಲ್ಲಿ ಒಬ್ಬರಿಗೂ ಇಲ್ಲ. ಇದ್ದರೂ ಹೇಳುವ ಹಾಗಿಲ್ಲವಂತೆ, ಗುಟ್ಟಾಗಿರಬೇಕಂತೆ. ಕೇಸಿ ಶ್ರೇಗರಳ ಶ್ರೀಮಂತಿಕೆಯ ಹಾಗೆಯೇ ಆಯಿತು. 2012ರಲ್ಲಿ ಎನ್‌ಡಿಟಿವಿಯವರು ಈ ಲೆಕ್ಕವೇ ಸರಿಯಿಲ್ಲ ಅಂತ ನೀಲ್ಸನ್ ಕಂಪನಿಯ ಮೇಲೆ ನ್ಯೂಯಾರ್ಕಿನ ಕೋರ್ಟಿಗೇ ಹೋಗಿದ್ದರು. ಇದು ಲೆಸ್ಲಿ ನೀಲ್ಸನ್ ಅಲ್ಲ ಮತ್ತೆ, ಲೆಕ್ಕದ ನೀಲ್ಸನ್. ಆದರೆ ಡ್ರೆಬಿನ್ ಸಾಹೇಬರನ್ನೇ ಲೆಕ್ಕಕ್ಕೆ ಕೂರಿಸಿದ್ದರೂ ಇದಕ್ಕಿಂತ ಏನು ಕಡಿಮೆ ಇರುತ್ತಿತ್ತು ಅಂತ ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು.

ಮಜಾ ಏನು ಗೊತ್ತಾ, ಸೋತ ಧಾರಾವಾಹಿಯ ಮಂದಿ ಯಾರೂ ಸೋಲಲಿಲ್ಲ. ಅನ್‌ಯೂಶುವಲ್ಸ್ ಮುಗಿದ ಮುಂದಿನ ವಾರವೇ ಅಮೆರಿಕದಲ್ಲಿ ‘ದಿ ಹರ್ಟ್ ಲಾಕರ್’ ಬಿಡುಗಡೆಯಾಯಿತು. ಅದರ ನಾಯಕ ಯಾರು? ನಮ್ಮ ಹೋಟೆಲ್ ವಾಲ್ಶ್, ಜೆರೆಮಿ ರೆನ್ನರ್. ಆ ಚಿತ್ರಕ್ಕೆ ಆಸ್ಕರ್ ಬಂತು, ಇವನಿಗೆ ನಾಮನಿರ್ದೇಶನ ಸಿಕ್ಕಿತು, ಆಮೇಲೆ ‘ಅವೆಂಜರ್ಸ್’ನಲ್ಲಿ ಬಿಲ್ಲು ಬಾಣ ಹಿಡಿದು ಹಾಕ್‌ಐ ಆದ. ನಿಮ್ಮ ಮೊಮ್ಮಗನ ಅಂಗಿ ಮೇಲೆ ಇದ್ದಾನಲ್ಲ, ಅವನೇ. ಧಾರಾವಾಹಿ ಬರೆದ ನೋವಾ ಹಾಲಿ 2014ರಲ್ಲಿ ‘ಫಾರ್ಗೋ’ ಮಾಡಿ ಎಮ್ಮಿ ಹೊಡೆದ. ಅದರಲ್ಲೂ ಕೊಲೆ, ಪೊಲೀಸು, ನಗು, ನೋವು ಎಲ್ಲ ಒಂದೇ ಪಾತ್ರೆಯಲ್ಲಿ. ಪೊಲೀಸ್ ಸ್ಕ್ವಾಡ್ 1988ರಲ್ಲಿ ‘ದಿ ನೇಕೆಡ್ ಗನ್’ ಸಿನಿಮಾ ಆಯಿತು, ಮೂರು ಭಾಗ ಓಡಿತು, 2025ರಲ್ಲಿ ಲಿಯಾಮ್ ನೀಸನ್ ಅವರನ್ನು ಹಾಕಿಕೊಂಡು ಮತ್ತೊಂದು ಬಂತು. ಥಿಯೇಟರಿನಲ್ಲಿ ದುಡ್ಡು ಕೊಟ್ಟು ಕತ್ತಲಲ್ಲಿ ಕೂತವರು ಬಟಾಣಿ ಸುಲಿಯುವ ಹಾಗಿಲ್ಲವಲ್ಲ, ಅದೇ ಚೇಷ್ಟೆಗಳಿಗೆ ಬಿದ್ದು ಬಿದ್ದು ನಕ್ಕರು.

ಕನ್ನಡದಲ್ಲೂ ಹಾಗೇ ಅಲ್ವಾ? ಪೊಲೀಸ್ ಅಂದರೆ ನಮಗೆ ಎರಡೇ ಅಚ್ಚು. ಒಂದೋ ಶಂಕರ್‌ನಾಗ್ ಅವರ ಸಾಂಗ್ಲಿಯಾನ, ಇಲ್ಲವೋ ಹೊಟ್ಟೆ ಮುಂದೆ ಬಿಟ್ಟುಕೊಂಡು ಲಾಠಿ ಬೀಳಿಸಿಕೊಳ್ಳುವ ಪೇದೆ. 2019ರಲ್ಲಿ ‘ಬೆಲ್ ಬಾಟಂ’ನ ದಿವಾಕರ ಬಂದು ಪೇದೆಗೂ ಬುದ್ಧಿ, ಆಸೆ, ಪ್ರೇಮ ಎಲ್ಲ ಇರುತ್ತದೆ ಅಂತ ತೋರಿಸಿದ, ಜನ ಕೈಬಿಡಲಿಲ್ಲ. ಅದೂ ಥಿಯೇಟರಿನಲ್ಲೇ ನೋಡಿ.

ಹಾಗಾಗಿ ನನ್ನ ತೀರ್ಪು ಇಷ್ಟೇ. ಆ ಧಾರಾವಾಹಿಗಳು ಕೆಟ್ಟದ್ದಾಗಿ ಸಾಯಲಿಲ್ಲ, ನಮ್ಮ ಜನ ದಡ್ಡರೂ ಅಲ್ಲ. ದಿನವಿಡೀ ಲೋಕಲ್ಲಿನಲ್ಲಿ ಜೋತುಬಿದ್ದು ಬಂದವರಿಗೆ ಎಲ್ಲಿ ನಗಬೇಕು ಅಂತ ಯಾರಾದರೂ ಹೇಳಿಕೊಟ್ಟರೆ ಹಾಯಾಗಿರುತ್ತದೆ, ತಪ್ಪೇನೂ ಇಲ್ಲ. ಸಿಐಡಿ ಇರಲಿ, ದಯಾ ಇನ್ನೂ ನಾಲ್ಕು ಬಾಗಿಲು ಮುರಿಯಲಿ. ಆದರೆ ಯಾವತ್ತಾದರೂ ಒಂದು ಭಾನುವಾರ ಬಟಾಣಿ ಬುಟ್ಟಿ ಪಕ್ಕಕ್ಕಿಟ್ಟು, ಫೋನು ಒಳಗಿಟ್ಟು, ಇವುಗಳಲ್ಲಿ ಯಾವುದಾದರೂ ಒಂದನ್ನು ಹಾಕಿಕೊಂಡು ಕೂರಿ. ಒಂದು ಹತ್ತು ಕಂತು, ಇನ್ನೊಂದು ಆರೇ. ಮೊಮ್ಮಕ್ಕಳ ಕಾಲಕ್ಕೂ ಮುಗಿಯದ ನಮ್ಮ ಸಂಜೆ ಧಾರಾವಾಹಿಗಳ ಎದುರು ಇದು ಎಷ್ಟರ ಮಾತು ಹೇಳಿ. ಪೆನ್‌ಡ್ರೈವ್ ಬೇಕಾದರೆ ನನ್ನ ಹತ್ತಿರ ಇದೆ, ತೆಗೆದುಕೊಂಡು ಹೋಗಿ. ಸ್ವಲ್ಪ ಸೆರಗಿನ ಮರೆಯಲ್ಲಿ ಮಾತ್ರ.